ಹುಳದ ಮನಿಯಾಗ ಸಣ್ಣ ಹುಳಕ್ಕ ಕರುಣೆ ಬ್ಯಾಡ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಕಡೆ ಹೋದರೂ ಹುಳ ಸಾಕುವವರ ಬಾಯಾಗ ಒಂದ ಮಾತು: "ಸಣ್ಣ ಹುಳ ಇರ್ಲಿ ಬಿಡ್ರಿ, ನಾಕು ದಿನ ಸೊಪ್ಪು ತಿಂದ್ರ ದೊಡ್ಡವುಗಳ ಕೂಡ ಸಮ ಆಗ್ತಾವ." ಆಗೂದಿಲ್ರಿ. ಜೋಳದ ಬೀಜ ಸಾಣಿಗಿಗೆ ಹಾಕದ ಬಿತ್ತಂಗಿಲ್ಲ, ಹಿಂಡಿನಾಗಿನ ಜಡ್ಡಿನ ಕುರಿ ಬ್ಯಾರೆ ಕಟ್ತೀವಿ. ಹುಳದ ಮನಿಗೆ ಬಂದ ಕೂಡಲೇ ಈ ಬುದ್ಧಿ ಎಲ್ಲಿ ಹೋಗತೈತಿ?

ಸಣ್ಣ ಹುಳದಾಗ ಎರಡು ಜಾತಿ. ಒಂದು, ತಡ ಆದದ್ದು. ಸೊಪ್ಪು ಸರಿಯಾಗಿ ಸಿಗದೆ, ಜಾಗ ಸಾಲದೆ ಹಿಂದೆ ಬಿದ್ದಿರುತ್ತದೆ. ಇದನ್ನು ಜ್ವರದ ಹೊತ್ತಿನಲ್ಲೇ ಹಿಡಿಯಬೇಕು. ಹುಳ ತಲೆ ಎತ್ತಿ ಸುಮ್ಮನೆ ಕೂತಾಗ, ಇನ್ನೂ ತಿನ್ನುತ್ತಿರುವ ತಡದ ಹುಳದ ಮೇಲೆ ಬಲೆ ಹಾಸಿ ನಾಲ್ಕು ಎಲೆ ಇಡ್ರಿ. ತಾವಾಗೇ ಹತ್ತಿ ಬರ್ತಾವ. ಎತ್ತಿ ಬೇರೆ ತಟ್ಟೆಗೆ ಹಾಕಿ ಬೇರೆಯೇ ಸಾಕ್ರಿ, ಬದುಕ್ತಾವ.

ಎರಡನೇದು, ಜಡ್ಡಿನದು. ಎಲ್ಲಾ ಹುಳ ಜ್ವರದಿಂದ ಎದ್ದರೂ ಇದು ಏಳೂದಿಲ್ಲ, ಎದ್ದರೂ ತಿನ್ನೂದಿಲ್ಲ. ಮೈ ಉಬ್ಬಿ ಹೊಳೆದು ಹಾಸಿಗೆ ಅಂಚಿನಾಗ ಅಡ್ಡಾಡಿದರೆ ಹಾಲುತೊಂಡೆ. ಮೆತ್ತಗಾಗಿ ಕಪ್ಪಾಗಿ ನಾತ ಹೊಡೆದರೆ ಸಪ್ಪೆ ರೋಗ. ಇಡೀ ತಂಡದಾಗ ಗಾತ್ರ ಏರುಪೇರಾಗಿ, ಮೈಮೇಲೆ ಮೆಣಸಿನ ಪುಡಿ ಉದುರಿಸಿದಂಥ ಚುಕ್ಕಿ ಕಂಡರೆ ಗಂಟು ರೋಗದ ಅನುಮಾನ. ಅದಕ್ಕೆ ಔಷಧ ಇಲ್ಲ. ಅಂಥ ಹುಳ ತಗೊಂಡು ರೇಷ್ಮೆ ಇಲಾಖೆಯವರ ಕಡೆ ಪರೀಕ್ಷೆ ಮಾಡಿಸ್ರಿ.

ಇದೇನು ಹೊಸ ವಿದ್ಯೆ ಅಲ್ಲ. ಗಂಟು ರೋಗದಿಂದ ಫ್ರಾನ್ಸಿನ ರೇಷ್ಮೆ ನೆಲ ಕಚ್ಚಿದಾಗ, 1865ರಲ್ಲಿ ಅಲ್ಲಿನ ಸರ್ಕಾರ ಲೂಯಿ ಪಾಶ್ಚರ್ ಅವರನ್ನು ಕಳಿಸಿತು. ಅವರು ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಾಗ ನೋಡಿ, ಜಡ್ಡು ಕಂಡರೆ ಅದರ ಮೊಟ್ಟೆಯನ್ನೆಲ್ಲ ತೆಗೆದುಹಾಕುವ ಪದ್ಧತಿ ತಂದರು. ತಾಯಿ ಚಿಟ್ಟೆ ಪರೀಕ್ಷೆ ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತದೆ. ಮೊಟ್ಟೆಯಲ್ಲೇ ಸೋಸಿ ಕೊಟ್ಟದ್ದನ್ನು ನಾವು ಹಾಸಿಗೆಯಾಗ ಕೆಡಿಸಬೇಕೇನು?

ಲೆಕ್ಕ ಮಾಡಾಕ ಎಸ್ಸೆಸ್ಸೆಲ್ಸಿ ಸಾಕು. 100 ಮೊಟ್ಟೆ ತಂದರೆ ಸುಮಾರು 40,000 ಹುಳ. ಸಾವಿರ ಜಡ್ಡಿನ ಹುಳ ಆರಿಸಿ ತೆಗೆದರೆ ಹೋದದ್ದು ನೂರಕ್ಕೆ ಎರಡೂವರೆ. ಆ ಸಾವಿರ ಉಳಿಸಾಕ ಹೋಗಿ 39,000 ಪಣಕ್ಕ ಇಡ್ತೀರಿ. ಹುಳ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟು ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನುತ್ತದೆ. ಅದಕ್ಕೂ ಮುಂಚೆ ಸೋಸದಿದ್ದರೆ ಸಾಯುವ ಹುಳಕ್ಕೆ ಸೊಪ್ಪು ಕಡಿದು ಹೊತ್ತಂಗ.

"ಹುಳ ಮುಟ್ಟಿದಷ್ಟೂ ಜಡ್ಡು ಹೆಚ್ಚು" ಅಂತ ಕೆಲವರ ವಾದ. ಮಾತು ಖರೆ ಐತಿ, ಗಾಯ ಆದ ಹುಳಕ್ಕೆ ಜಡ್ಡು ಲಗೂನ ಹತ್ತತೈತಿ. ಆದರೆ ಕೈಯಿಂದ ಮುಟ್ಟು ಅಂದವರ್ಯಾರು? ಕಡ್ಡಿ ಪದ್ಧತಿಯಾಗ ಹಾಸಿಗೆ ಮೇಲೆ ಎರಡು ಹಗ್ಗ ಎಳೆದು, ಅದರ ಮೇಲೆ ಹೊಸ ಕಡ್ಡಿ ಹಾಕ್ರಿ. ಹುಳ ಮೇಲೆ ಹತ್ತಿದ ಮೇಲೆ ಹಗ್ಗದ ತುದಿ ಹಿಡಿದು ಎತ್ತಿದರೆ ಕೆಳಗಿನ ಕಸ, ಹಿಕ್ಕೆ ಎಲ್ಲಾ ಉಳೀತಾವ. ಜಡ್ಡಿನ ಹುಳಕ್ಕೆ ಚಿಮಟಿಗಿ ಬಳಸ್ರಿ.

ಕಿತ್ತೂರು ಕಡೆಯವರು ಇದನ್ನು ಜಾಸ್ತಿ ಮನಸಿಗೆ ತಗೋಬೇಕು. ಮಳೆಗಾಲದ ತಂಪಿನಾಗ ಹಸಿ ಹಾಸಿಗೆ ಇಟ್ಟರೆ ಸುಣ್ಣಕಟ್ಟು ಬಂತಂತ ತಿಳೀರಿ. ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸ್ರಿ. ರಾಮದುರ್ಗ, ಸವದತ್ತಿ ಕಡೆ ಬ್ಯಾಸಗಿ ಬಿಸಿಲಿಗೆ ಸೊಪ್ಪು ಬಾಡತೈತಿ, ದಪ್ಪ ಹಾಸಿಗೆ ಒಳಗ ಕಾವು ಏರತೈತಿ, ಸಪ್ಪೆ ರೋಗಕ್ಕ ದಾರಿ ಆಗತೈತಿ. ದೊಡ್ಡ ಹುಳಕ್ಕೆ ಬೇಕಾದ್ದು 24-25 ಡಿಗ್ರಿ.

ಈಗ ಅಸಲು ಮಾತು. ಹಾಸಿಗೆ ತೆಗೆಯೂದು ಹೆಣ್ಣಮಕ್ಕಳ ಕೆಲಸ ಅಂತ ನಾವು ಗಂಡಸರು ಕೈ ತೊಳಕೊಂಡೇವಿ. ಮೊಟ್ಟೆ ಎಷ್ಟು ತರಬೇಕು, ಕೂಲಿಗೆ ಎಷ್ಟು ಮಂದಿ ಹಚ್ಚಬೇಕು ಅನ್ನೂದು ಮಾತ್ರ ನಮ್ಮ ಹುಕುಂ. ದಿನಾ ಹುಳ ನೋಡುವಾಕಿ "ಇವು ಯಾಕೋ ಸರಿ ಇಲ್ಲ" ಅಂದರೆ "ನಿನಗೇನ ತಿಳೀತೈತಿ" ಅಂತೀವಿ. ಆಕಿ ಕಣ್ಣಿಗೆ ಬಿದ್ದದ್ದು ಎರಡು ದಿನ ಬಿಟ್ಟು ನಮ್ಮ ಮೂಗಿಗೆ ಬಡೀತೈತಿ. ಕೂಲಿ ಉಳಿಸಿದ್ವಿ ಅಂತೀವಲ್ಲ, ಆ ಉಳಿಕಿ ಆಕಿ ರಟ್ಟಿಯಿಂದ ಬಂದದ್ದು. ರಾತ್ರಿ ಎಲ್ಲಾ ಗಾಡಿ ಓಡಿಸಿ ರಾಮನಗರದ ಮಾರುಕಟ್ಟಿಗೆ ಗೂಡು ಒಯ್ದು, ಕಲೆ ಬಿದ್ದ ಗೂಡು, ತೆಳು ಗೂಡು ಕಂಡು ರೇಟು ಬಿದ್ದಾಗ ವ್ಯಾಪಾರಿಗಳನ್ನು ಬೈದರೆ ಏನು ಬಂತು?

ಆರಿಸಿದ ಹುಳ ಎಲ್ಲಿ ಹಾಕ್ತೀರಿ ಅನ್ನೂದೂ ನಿಮ್ಮೊಬ್ಬರ ವಿಚಾರ ಅಲ್ಲ. ಕೋಳಿಗೆ ಹಾಕಬ್ಯಾಡ್ರಿ, ಅದರ ಹಿಕ್ಕಿಯಾಗ ಜಡ್ಡು ಜೀವಂತ ಹೊರಗ ಬರ್ತೈತಿ. 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್, 30 ಗ್ರಾಂ ಸುಣ್ಣ ಕಲಸಿ, ಅದರಾಗ ಹಾಕಿ, ಆಮೇಲೆ ಆಳವಾಗಿ ಹೂಳ್ರಿ. ಹಿಕ್ಕೆ, ಕಸ ಹಸಿದು ಹಸಿದೇ ಹಿಪ್ಪುನೇರಳೆ ತೋಟಕ್ಕೆ ಚೆಲ್ಲದೆ ದೂರದ ತಿಪ್ಪಿಯಾಗ ಕೊಳೆಸ್ರಿ. ನೀವು ಬದುವಿನ ಮ್ಯಾಲ ಒಗೆದ ಜಡ್ಡು ಗಾಳಿಗೆ, ಕಾಲಿಗೆ, ಬುಟ್ಟಿಗೆ ಹತ್ತಿ ಬಾಜೂಕಿನವರ ಮನಿಗೂ ಬರ್ತೈತಿ. ನಿಮ್ಮ ಹುಳದ ಮ್ಯಾಲಿನ ಕರುಣೆಗೆ ಅವರು ಯಾಕ ಸಾಲ ತೀರಿಸಬೇಕ್ರಿ?