ಹಳೆ ಪಿಕಪ್, ಹೊಸ ಸಾಲ

ತರಕಾರಿ ಬೆಳೆಯುವ, ಹಾಲು ಹಾಕುವ, ಊರಲ್ಲೊಂದು ಅಂಗಡಿ ಇಟ್ಟುಕೊಂಡಿರುವ ಕುಟುಂಬ ಡೀಸೆಲ್ ಪಿಕಪ್ ಕೊಳ್ಳಲು ಹೊರಟರೆ ಹೊಸದೋ ಹಳೆಯದೋ ಎಂಬ ಚರ್ಚೆ ಬಹಳ ಹೊತ್ತು ನಡೆಯುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದೆ, ಹಾಗಾಗಿ ಸೆಕೆಂಡ್‌ಹ್ಯಾಂಡ್. ಉಳಿದದ್ದನ್ನು ಫೈನಾನ್ಸ್‌ನವರು ನೋಡಿಕೊಳ್ಳುತ್ತಾರೆ. ಈ ತೀರ್ಮಾನದ ಮೊದಲ ಅರ್ಧ ಸರಿ ಎಂದೂ ಎರಡನೆಯ ಅರ್ಧ ಮೊದಲನೆಯದನ್ನು ಪೂರಾ ಕೆಡಿಸುತ್ತದೆ ಎಂದೂ ನನ್ನ ವಾದ. ಹಳೆ ಗಾಡಿಯಿಂದ ಕುಟುಂಬಕ್ಕೆ ಆಗುವ ದೊಡ್ಡ ಅನುಕೂಲವನ್ನು ಅದರ ಬೆಲೆಯಲ್ಲಿ ಹುಡುಕಬಾರದು, ಅದರ ಖರ್ಚು ಯಾವಾಗ ಬರುತ್ತದೆ ಎಂಬುದರಲ್ಲಿ ಹುಡುಕಬೇಕು. ಹೊಸ ಗಾಡಿಯ ಕಂತು ತಿಂಗಳು ತುಂಬಿದ ಕೂಡಲೇ ಬಾಗಿಲಿಗೆ ಬರುತ್ತದೆ. ಹಳೆ ಗಾಡಿಯ ರಿಪೇರಿ ಬಹುಮಟ್ಟಿಗೆ ಅದು ದುಡಿದಾಗ, ಅಂದರೆ ಬಾಡಿಗೆಯೋ ಬೆಳೆಯೋ ಬಂದಾಗ ಬರುತ್ತದೆ. ಹಳೆಯದನ್ನು ತಿಂಗಳ ಕಂತಿನ ಮೇಲೆ ಕೊಂಡವರಿಗೆ ಎರಡೂ ಖರ್ಚು ಜೊತೆಗೂಡಿ ಬರುತ್ತವೆ.

ಲೆಕ್ಕ ಹಾಕಿ ನೋಡೋಣ. ಒಂದೂವರೆ ಟನ್ ಆಸುಪಾಸು ಹೊರುವ ಹೊಸ ಪಿಕಪ್‌ಗೆ ಎಲ್ಲ ಸೇರಿ ಹತ್ತು ಲಕ್ಷ ಎಂದಿಟ್ಟುಕೊಳ್ಳಿ. ಎರಡು ಲಕ್ಷ ಕೈಯಿಂದ ಕಟ್ಟಿ ಎಂಟು ಲಕ್ಷವನ್ನು ಶೇ. 10.5ರ ಬಡ್ಡಿಗೆ ಐದು ವರ್ಷಕ್ಕೆ ತಂದರೆ ತಿಂಗಳ ಕಂತು ಹದಿನೇಳು ಸಾವಿರ ದಾಟುತ್ತದೆ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊಡೆಯುವ ಮನೆಗೆ ಒಳ್ಳೆಯ ಬೆಲೆ ಸಿಕ್ಕ ತಿಂಗಳಲ್ಲಿ ಇದು ಭಾರವಾಗಲಿಕ್ಕಿಲ್ಲ. ಆದರೆ ಕೊಯ್ದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿಯುವ ತಿಂಗಳುಗಳೂ ಅದೇ ಬೆಳೆಯಲ್ಲಿವೆ. ಆಗಲೂ ಕಂತು ಹದಿನೇಳು ಸಾವಿರವೇ. ರೈತ ಕುಟುಂಬದ ಆದಾಯ ಬೆಳೆಗೊಮ್ಮೆ ಬರುತ್ತದೆ. ವಾಹನ ಸಾಲವನ್ನು ತಿಂಗಳ ಸಂಬಳದವರ ಅಳತೆಗೆ ಹೊಲಿದಿದ್ದಾರೆ. ಈ ಹೊಂದಾಣಿಕೆಯಿಲ್ಲದ ಕಡೆಯೇ ಗಾಡಿಗಳು ಸೀಜ್ ಆಗುವುದು. ಯಾರ್ಡುಗಳಲ್ಲಿ ಸಾಲಾಗಿ ನಿಂತ ಸೀಜಿಂಗ್ ಗಾಡಿಗಳಲ್ಲಿ ಎಂಜಿನ್ ಕೆಟ್ಟವು ಎಷ್ಟಿದ್ದಾವು? ಕೆಟ್ಟದ್ದು ಮಾಲೀಕನ ನಗದು ಹರಿವು.

ಇನ್ನು ಹಳೆ ಗಾಡಿಯ ಸಾಲ. ಬಳಸಿದ ವಾಹನಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚು, ಅವಧಿ ಕಡಿಮೆ. ಅದರ ಜೊತೆಗೆ ‘ಫ್ಲಾಟ್’ ದರದ ಜಾಣತನ ಬೇರೆ. ಮೂರು ಲಕ್ಷಕ್ಕೆ ಶೇ. 10 ಫ್ಲಾಟ್ ಎಂದರೆ ಮೂರು ವರ್ಷಕ್ಕೆ ತೊಂಬತ್ತು ಸಾವಿರ ಬಡ್ಡಿ, ತಿಂಗಳಿಗೆ ಹತ್ತು ಸಾವಿರದ ಎಂಟುನೂರು ಚಿಲ್ಲರೆ ಕಂತು. ತೀರುತ್ತ ಹೋದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುತ್ತಿರುವುದರಿಂದ ನಿಜವಾದ ದರ ವರ್ಷಕ್ಕೆ ಹೆಚ್ಚುಕಡಿಮೆ ಶೇ. 18. ಹಾಗೆ ಕೊಂಡ ಎಂಟು ವರ್ಷದ ಗಾಡಿಗೆ ನಾಲ್ಕನೇ ತಿಂಗಳಲ್ಲಿ ಕ್ಲಚ್ ಪ್ಲೇಟ್, ಏಳನೇ ತಿಂಗಳಲ್ಲಿ ಇಂಜೆಕ್ಟರ್ ಕೆಲಸ ಬಂದರೆ ದುಡ್ಡು ಎಲ್ಲಿಂದ ಬರಬೇಕು? ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ಸಂಪಾದನೆಯೂ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಆದ್ದರಿಂದ ಕೈಯಲ್ಲಿ ನಾಲ್ಕು ಲಕ್ಷ ಇರುವವರು ನಾಲ್ಕು ಲಕ್ಷದ ಗಾಡಿ ಕೊಳ್ಳಬಾರದು. ಮೂರು ಲಕ್ಷದ್ದನ್ನು ಕೊಂಡು ಒಂದು ಲಕ್ಷವನ್ನು ಗಾಡಿಯ ಹೆಸರಲ್ಲೇ ಎತ್ತಿಡಬೇಕು. ‘ಇನ್ನೊಂದು ಲಕ್ಷ ಹಾಕಿದ್ದರೆ ಇನ್ನೂ ಒಳ್ಳೆ ಗಾಡಿ ಬರುತ್ತಿತ್ತಲ್ಲ’ ಎಂದು ದಲ್ಲಾಳಿ ಹೇಳುವುದು ಸುಳ್ಳೇನಲ್ಲ. ಆದರೆ ಹಳೆ ಡೀಸೆಲ್ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಮೊದಲ ವರ್ಷ ಟೈರು, ಬ್ಯಾಟರಿ, ಬ್ರೇಕ್, ಆಯಿಲ್, ಬೆಲ್ಟುಗಳಿಗೆ ಖರ್ಚು ಕೇಳಿಯೇ ಕೇಳುತ್ತದೆ. ಆ ದುಡ್ಡು ಇದ್ದ ಮನೆಗೆ ಅದು ನಿರ್ವಹಣೆ, ಇಲ್ಲದ ಮನೆಗೆ ಅದೇ ಆಪತ್ತು.

ಗಾಡಿಯ ಆಯ್ಕೆಯಲ್ಲೂ ಇದೇ ಅಳತೆಗೋಲು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂತು. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಅದರ ಸುತ್ತ ಹಲವು ಸೆನ್ಸರುಗಳಿರುತ್ತವೆ. ಕೂಡಿದ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಬಿಸಿಯೇರಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ಹೊಲದಿಂದ ಡೇರಿಗೆ, ಡೇರಿಯಿಂದ ಮನೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಗಾಡಿಗೆ ಆ ಅವಕಾಶವೇ ಸಿಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆ ರಿಪೇರಿ ಹಳ್ಳಿಯ ಮೆಕ್ಯಾನಿಕ್ ಕೈಗೆ ಸಿಕ್ಕುವಂಥದ್ದಲ್ಲ. ಹೀಗೆ ಓಡಾಡುವ ಮನೆಗೆ ಚೆನ್ನಾಗಿಟ್ಟ ಬಿಎಸ್-4 ಗಾಡಿಯೇ ವಾಸಿ. ಅದಕ್ಕೆ ವಯಸ್ಸಿನ ತೊಂದರೆ ಉಂಟು: ಎಂಟು ವರ್ಷ ದಾಟಿದ ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಆಗಬೇಕು. ದಿನಾ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೂವು ಸಾಗಿಸುವವರ ಲೆಕ್ಕ ಬೇರೆ, ಅವರಿಗೆ ಬಿಎಸ್-6 ಹೊಂದಿಕೊಳ್ಳುತ್ತದೆ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೈಬಣ್ಣಕ್ಕೆ ಮರುಳಾಗದೆ ಹಲ್ಲು ನೋಡುವ ಹಾಗೆ ಇಲ್ಲೂ ಪೇಂಟು ಬಿಟ್ಟು ಬೇರೆ ಕಡೆ ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ, ತಾವೇ ಸ್ಟಾರ್ಟ್ ಮಾಡಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಜೋರಾಗಿ ಗಾಳಿ ನುಗ್ಗಿ ಬಂದರೆ ಬೋರ್ ಕೆಲಸ ದೂರವಿಲ್ಲ. ಚಾಸಿಯಲ್ಲಿ ವೆಲ್ಡಿಂಗ್ ಗುರುತು, ಹಿಂದಿನ ಪಟ್ಟಿಗಳಲ್ಲಿ ಆಮೇಲೆ ಸೇರಿಸಿದ ಹೆಚ್ಚುವರಿ ಪಟ್ಟಿ ಕಂಡರೆ ಗಾಡಿ ಅಳತೆ ಮೀರಿ ಹೊತ್ತಿದೆ. ಮೀಟರ್ ತೋರಿಸುವ ಕಿಲೋಮೀಟರನ್ನು ನಂಬುವ ಅಗತ್ಯವೇ ಇಲ್ಲ. ಪೆಡಲ್ಲಿನ ರಬ್ಬರು ಅದಕ್ಕಿಂತ ಪ್ರಾಮಾಣಿಕ.

ಕಾಗದಪತ್ರದ ವಿಚಾರವನ್ನು ಜನ ಆಮೇಲೆ ಮಾಡಿದರಾಯಿತು ಎಂದು ಬಿಡುತ್ತಾರೆ. ಹಿಂದಿನವರ ಸಾಲ ಆರ್‌ಸಿಯಲ್ಲಿ ಹಾಗೇ ಉಳಿದಿದ್ದರೆ, ಇ-ಚಲನ್ ಬಾಕಿ ಇದ್ದರೆ, ತೆರಿಗೆ ಕಟ್ಟದಿದ್ದರೆ ಗಾಡಿಯ ಜೊತೆ ಬೇರೆಯವರ ಸಾಲವನ್ನೂ ಕೊಂಡಂತೆ. ಫೈನಾನ್ಸ್‌ನವರ ಎನ್‌ಒಸಿ, ಸಾಲ ತೀರಿದ ಫಾರ್ಮ್ 35, ಮಾಲೀಕತ್ವ ಬದಲಿಸುವ ಫಾರ್ಮ್ 29 ಮತ್ತು 30 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ವಿಮೆಯನ್ನು 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಮಾರುವವರಿಗೂ ಇದರಲ್ಲಿ ಪಾಲಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಬಾಡಿಗೆಯದು: ಗಾಡಿಯೇ ಏಕೆ, ಬೇಕಾದ ದಿನ ಬಾಡಿಗೆಗೆ ಕರೆದರಾಯಿತಲ್ಲ? ಬಹಳ ಮನೆಗಳಿಗೆ ಇದೇ ಸರಿಯಾದ ಉತ್ತರ ಎಂದು ಒಪ್ಪಬೇಕು. ಏಳೂವರೆ ಟನ್ ಒಳಗಿನ ಸರಕು ವಾಹನಕ್ಕೆ ಥರ್ಡ್ ಪಾರ್ಟಿ ವಿಮೆಯ ಮೂಲ ದರವೇ 2022ರ ಪಟ್ಟಿಯ ಪ್ರಕಾರ 16,049 ರೂಪಾಯಿ. ಗಾಡಿ ಹಳೆಯದೆಂದು ರಿಯಾಯಿತಿ ಇಲ್ಲ. ಎಫ್‌ಸಿಗೆ ಸಜ್ಜು ಮಾಡುವುದು, ತೆರಿಗೆ, ವರ್ಷಕ್ಕೆ ಇಳಿಯುವ ಬೆಲೆ ಎಲ್ಲ ಸೇರಿಸಿದರೆ ನಿಂತ ಗಾಡಿಯೂ ವರ್ಷಕ್ಕೆ ಎಪ್ಪತ್ತು–ಎಂಬತ್ತು ಸಾವಿರ ತಿನ್ನಬಹುದು. ಸ್ವಂತ ಗಾಡಿ ಇದ್ದುದರಿಂದ ದಿನಕ್ಕೆ ಏಳೆಂಟು ನೂರು ಉಳಿಯುತ್ತದೆ ಎಂದುಕೊಂಡರೂ ವರ್ಷಕ್ಕೆ ನೂರು ದಿನ ಕೆಲಸವಿಲ್ಲದ ಮನೆಗೆ ಅದು ನಷ್ಟ. ಡ್ರೈವರನ್ನು ಇಡಬೇಕಾದರೆ ದಿನಗಳು ಇನ್ನೂ ಹೆಚ್ಚು ಬೇಕು. ಈ ಒಂದು ಕಡೆ ಕಾನೂನು ಕುಟುಂಬಗಳ ಪರ ಇದೆ: ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸಿನಲ್ಲೇ ಏಳೂವರೆ ಟನ್ ಒಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿದೆ.

ಎರಡನೆಯದು ಹೊಸ ಗಾಡಿಯ ಪರವಾದ ಮಾತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ವಾರಂಟಿಯೂ ಸಿಗುತ್ತದೆ, ಹಾಗಿರುವಾಗ ಹಳೆಯದೇಕೆ? ತೆರಿಗೆ ಇಳಿದದ್ದು ಹಳೆ ಗಾಡಿ ಕೊಳ್ಳುವವರ ಕೈಗೂ ಚೌಕಾಸಿಯ ಆಯುಧ ಕೊಟ್ಟಿದೆ. ಹೊಸದರ ಬೆಲೆ ಇಳಿದ ಮೇಲೂ ಹಳೆಯದಕ್ಕೆ ಮೊದಲಿನ ರೇಟು ಹೇಳುವವರನ್ನು ಬಿಟ್ಟು ಮುಂದೆ ಹೋಗಬಹುದು. ವಾರಂಟಿ ಎಂಜಿನ್ನಿಗೆ ಸಿಗುತ್ತದೆ, ಟೊಮೆಟೊ ಬೆಲೆಗೆ ಸಿಗುವುದಿಲ್ಲ. ವರ್ಷವಿಡೀ ಖಾಯಂ ಬಾಡಿಗೆಯ ಒಪ್ಪಂದ ಇರುವವರು ಹೊಸದನ್ನೇ ಕೊಳ್ಳಲಿ, ಅವರ ಆದಾಯ ತಿಂಗಳಿಗೇ ಬರುತ್ತದೆ.

ಕೊನೆಯದಾಗಿ, ಮೂರು–ನಾಲ್ಕು ಲಕ್ಷ ನಗದು ಯಾವ ಮನೆಯಲ್ಲಿರುತ್ತದೆ ಎಂಬ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಕೊರತೆ ಬಿದ್ದದ್ದು ಐವತ್ತು ಸಾವಿರವೋ ಲಕ್ಷವೋ ಆಗಿದ್ದರೆ, ಬೆಳೆ ಬಂದಾಗ ಒಂದೇ ಸಲ ತೀರಿಸಬಹುದಾದ ಬ್ಯಾಂಕಿನ ಚಿನ್ನದ ಸಾಲ ತಿಂಗಳ ಕಂತಿಗಿಂತ ಮೇಲು. ಆದರೆ ಅದು ಮನೆಯ ಹೆಂಗಸರ ಒಡವೆ, ಅವರನ್ನು ಕೇಳಿಯೇ ಇಡಬೇಕು. ಕೊರತೆ ಅದಕ್ಕೂ ಹೆಚ್ಚಾದರೆ ಒಂದು ಟನ್ನಿನ ಆಸೆ ಬಿಟ್ಟು ಚಿಕ್ಕ ಗಾಡಿ ನೋಡಬಹುದು. 2005ರಲ್ಲಿ ಬಂದ ಟಾಟಾ ಏಸ್ ಎರಡೇ ಸಿಲಿಂಡರಿನ ಎಂಜಿನ್ ಇಟ್ಟುಕೊಂಡು ಮುಕ್ಕಾಲು ಟನ್ ಹೊತ್ತೇ ಊರೂರು ತುಂಬಿತು. ಅದಕ್ಕೂ ಆಗದಿದ್ದರೆ ಇನ್ನೆರಡು ಬೆಳೆ ಕಾಯಿರಿ, ಅಲ್ಲಿಯವರೆಗೆ ಬಾಡಿಗೆ ಗಾಡಿಯಲ್ಲೇ ಮಾಲು ಸಾಗಲಿ.