ಒಂದು ಬಾಟಲಿ ಕಸಿದುಕೊಂಡ ಪ್ರಯೋಗಾಲಯ

1896ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಜನ ಊರು ಬಿಡತೊಡಗಿದರು. ಸರ್ಕಾರ ಕಲ್ಕತ್ತಾದಿಂದ ವಾಲ್ಡೆಮಾರ್ ಹಾಫ್ಕಿನ್ ಅವರನ್ನು ಕರೆಸಿತು. ಒಡೆಸ್ಸಾದ ಈ ಯಹೂದಿ ವಿಜ್ಞಾನಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ರೂಪಿಸಿದ್ದವರು. ಓದಿದ್ದು ಪ್ರಾಣಿಶಾಸ್ತ್ರ, ವೈದ್ಯ ಪದವಿ ಇರಲಿಲ್ಲ. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು.

ಅಲ್ಲಿ ಅವರು ಮಾಡಿದ್ದನ್ನು ಗಮನಿಸಬೇಕು. ಬ್ಯಾಕ್ಟೀರಿಯಾ ಬೆಳೆಸುವ ಸಾರಿಗೆ ದನದ ಅಥವಾ ಹಂದಿಯ ಮಾಂಸ ಬಳಸದೆ ಆಡಿನ ಮಾಂಸ ಬಳಸಿದರು, ಹಿಂದೂ–ಮುಸ್ಲಿಮರಿಬ್ಬರೂ ಒಪ್ಪಲೆಂದು. ಮೇಲೆ ತೇಲಿಬಿಟ್ಟ ತುಪ್ಪದ ಪದರದಿಂದ ಪ್ಲೇಗಿನ ಜೀವಾಣುಗಳು ಬಿಳಲುಗಳಂತೆ ಕೆಳಗಿಳಿಯುತ್ತಿದ್ದವು. ಅವನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಖೋಜಾ ಸಮುದಾಯದ ಮುಖ್ಯಸ್ಥ ಆಗಾ ಖಾನ್ ಎಲ್ಲರೆದುರು ಚುಚ್ಚುಮದ್ದು ಹಾಕಿಸಿಕೊಂಡ ಮೇಲೆ ಆ ಸಮುದಾಯದ ಸಾವಿರಾರು ಜನ ಮುಂದೆ ಬಂದರು.

ಅದೇ ವರ್ಷ ಪುಣೆಯಲ್ಲಿ ಪ್ಲೇಗ್ ತಡೆಯುವ ಹೆಸರಿನಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು. ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡೇಟು ಬಿತ್ತು. ಮರುವರ್ಷ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದ ನಮ್ಮ ಹುಬ್ಬಳ್ಳಿಯಲ್ಲಿ ಹಾಫ್ಕಿನ್ ಲಸಿಕೆಯನ್ನು ಸಾಮೂಹಿಕವಾಗಿ ಹಾಕಲಾಯಿತು. ಲಾಠಿಯಿಂದಾಗದ ಕೆಲಸ ವಿಶ್ವಾಸದಿಂದ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೇ?

1899ರ ಆಗಸ್ಟ್‌ನಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯ ತೆರೆಯಿತು.

ಮೂರೇ ವರ್ಷ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸತ್ತವರೆಲ್ಲ 53ಎನ್ ಎಂಬ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡಿದ್ದವರು. ಉಳಿದ ಬಾಟಲಿಗಳವರಿಗೆ ಏನೂ ಆಗಲಿಲ್ಲ. ತನಿಖಾ ಆಯೋಗವೋ, ಸೋಂಕು ಬಾಟಲಿ ತೆರೆಯುವ ಮೊದಲೇ ಸೇರಿತ್ತು ಎಂದಿತು. ಲಸಿಕೆ ಬೇಗ ತಯಾರಾಗಲೆಂದು ಕಾರ್ಬಾಲಿಕ್ ಆಮ್ಲ ಬಿಟ್ಟದ್ದೇ ತಪ್ಪೆಂದು ಕಂಡಿತು. ಹಾಫ್ಕಿನ್ ಹುದ್ದೆ ಹೋಯಿತು.

ಆದರೆ ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ ಎಂಬ ಸಂಗತಿ ಕಡತದಲ್ಲೇ ಇತ್ತು. ಧನುರ್ವಾಯುವಿನ ಜೀವಾಣು ಬಾಟಲಿಯೊಳಗೆ ಮೊದಲೇ ಬೆಳೆದಿದ್ದರೆ ತೆರೆದೊಡನೆ ದುರ್ವಾಸನೆ ಹೊಡೆಯಬೇಕಿತ್ತು, ಹೊಡೆದಿರಲಿಲ್ಲ. ಲಂಡನ್ನಿನ ಲಿಸ್ಟರ್ ಸಂಸ್ಥೆಯೂ ಸೋಂಕು ತಗುಲಿದ್ದು ಹಳ್ಳಿಯಲ್ಲೇ ಇರಬೇಕೆಂದು ಅಭಿಪ್ರಾಯಪಟ್ಟಿತು. ಆದರೂ ಪ್ರಯೋಗಾಲಯವನ್ನೇ ಅಪರಾಧಿಯಾಗಿಸಿದ್ದು ನನ್ನ ಮಟ್ಟಿಗೆ ಆಡಳಿತದ ಅಕ್ಷಮ್ಯ ಅವಸರ. ಲಸಿಕೆಯ ನಂತರ ಅನಾಹುತವಾದಾಗ ತಯಾರಿಕೆಯಿಂದ ಸೂಜಿಯವರೆಗಿನ ಪ್ರತಿ ಕೈಯನ್ನೂ ಪರಿಶೀಲಿಸಿ, ವರದಿಯನ್ನು ಬೇಗ ಜನರ ಮುಂದಿಡುವುದು ಇಂದಿಗೂ ಸರ್ಕಾರಗಳ ಹೊಣೆ.

1907ರಲ್ಲಿ ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ದನಿ ಎತ್ತಿದ ಮೇಲೆ ಹಾಫ್ಕಿನ್ ನಿರಪರಾಧಿಯೆಂದು ಒಪ್ಪಿಕೊಳ್ಳಲಾಯಿತು. ಅವರ ಗೈರುಹಾಜರಿಯಲ್ಲಿ ಪ್ಲೇಗ್ ಹರಡುವಲ್ಲಿ ಇಲಿ ಚಿಗಟದ ಪಾತ್ರವನ್ನು ಲಿಸ್ಟನ್ ಎಂಬ ಸಂಶೋಧಕ ಮುಂಬೈನಲ್ಲೇ ದೃಢಪಡಿಸಿದ್ದರು. ಹಾಫ್ಕಿನ್ ಭಾರತಕ್ಕೆ ಮರಳಿದರೂ ಹೋದದ್ದು ಕಲ್ಕತ್ತಾಕ್ಕೆ. ಪರೇಲ್‌ನ ಸಂಸ್ಥೆಗೆ ಅವರ ಹೆಸರಿಟ್ಟದ್ದು 1925ರಲ್ಲಿ, ಅವರು ನಿವೃತ್ತರಾಗಿ ಯುರೋಪಿಗೆ ಹೋದ ಎಷ್ಟೋ ವರ್ಷಗಳ ಮೇಲೆ.