ದೊಡ್ಡಪ್ಪನ ಅರಿಶಿನದ ಡಬ್ಬಿ

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಗ್ಗೆ ಆರಕ್ಕೆಲ್ಲ ಗುಡ್ ಮಾರ್ನಿಂಗ್ ಹಾಕೋದು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ. ಒಂದು ಹೂವಿನ ಫೋಟೊ, ಕೆಳಗೊಂದು ಮನೆಮದ್ದು. ನಾನು ಮೆಟ್ರೋದಲ್ಲಿ ನಿಂತುಕೊಂಡೇ ಒಂದು ಹಾರ್ಟ್ ಒತ್ತಿ ಮುಂದೆ ಹೋಗ್ತೀನಿ. ಯುಗಾದಿಗೆ ಸ್ವಲ್ಪ ಮುಂಚೆ ಒಂದೇ ವಾರದಲ್ಲಿ ಮೂರು ಸಲ ಒಂದೇ ಥರದ ಫಾರ್ವರ್ಡ್ ಬಂತು. ಅರಿಶಿನ ಬಾಯಿ ಕ್ಯಾನ್ಸರನ್ನು ಕೊಲ್ಲುತ್ತದೆ, ವಿಜ್ಞಾನಿಗಳೇ ಒಪ್ಪಿದ್ದಾರೆ, ಔಷಧಿ ಕಂಪನಿಯವರು ನಿಮಗೆ ಹೇಳುವುದಿಲ್ಲ. ಮೊದಲೆರಡು ಸಲ ನಕ್ಕೆ. ಮೂರನೇ ಸಲ ಯಾಕೋ ಅನುಮಾನ ಬಂದು ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಅವರ ಕೆನ್ನೆ ಒಳಗೆ ಬೆಳ್ಳಗೆ ಎಂಥದೋ ಆಗಿದೆ ಮಾರಾಯ್ತಿ. ನಾಲ್ಕು ತಿಂಗಳಾಯ್ತು. ಖಾರ ತಿಂದ್ರೆ ಉರೀತದೆ ಅಂತಾರೆ. ಯಾರಿಗೂ ಹೇಳ್ಬೇಡ ಅಂದಿದಾರೆ."

ಶುಕ್ರವಾರ ರಾತ್ರಿಯ ಬಸ್ಸು ಹತ್ತಿದೆ.

ಜಗಲಿಯಲ್ಲಿ ಕೂರಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ, ಎಡ ಕೆನ್ನೆಯ ಒಳಗೆ, ದಿನಾ ಎಲೆಅಡಿಕೆ ಒತ್ತಿಟ್ಟುಕೊಳ್ಳುವ ಜಾಗದಲ್ಲೇ, ಹಾಲಿನ ಕೆನೆ ಅಂಟಿಕೊಂಡ ಹಾಗೆ ಒಂದು ಮಚ್ಚೆ. ಒರೆಸಿದರೆ ಹೋಗುವಂಥದ್ದಲ್ಲ. ಬಾಯಿ ಇನ್ನೂ ದೊಡ್ಡದಾಗಿ ತೆಗೀರಿ ಅಂದೆ. "ಇಷ್ಟೇ ಬರೋದು" ಅಂದರು. ಮೂರು ಬೆರಳು ನೆಟ್ಟಗೆ ಇಡೋಕಾಗುತ್ತಾ ನೋಡಿದೆ. ಎರಡಕ್ಕೇ ಸಾಕಾಯಿತು.

ಪಕ್ಕದಲ್ಲೇ ಅವರ ಔಷಧಾಲಯ: ಒಂದು ಸ್ಟೀಲ್ ಡಬ್ಬಿ ತುಂಬ ತೋಟದ್ದೇ ಅರಿಶಿನ ಕುಟ್ಟಿದ ಪುಡಿ, ಒಂದು ಬಾಟಲಿ ಜೇನು. ದಿನಕ್ಕೆ ಮೂರು ಹೊತ್ತು ಕಲಸಿ ಹಚ್ಚಿಕೊಳ್ಳೋದು. "ಮೊದಲಿಗಿಂತ ಸಣ್ಣ ಆಗಿದೆ ನೋಡು. ಇದರಲ್ಲಿ ಕರ್ಕ್ಯುಮಿನ್ ಅಂತ ಇರ್ತದೆ, ಗೊತ್ತಿದ್ಯಾ ನಿಂಗೆ?"

ಗೊತ್ತಿತ್ತು. ನಾನು ಡಾಕ್ಟರ್ ಅಲ್ಲ. ಔಷಧ ಪರೀಕ್ಷೆಗಳ ಡೇಟಾ ಸರಿಪಡಿಸುವ ಕಂಪನಿಯಲ್ಲಿ ಕೆಲಸ. ಸಂಶೋಧನಾ ಲೇಖನದಲ್ಲಿ ಎಲ್ಲಿ ಕಣ್ಣು ಹಾಯಿಸಬೇಕು ಅಂತ ಮಾತ್ರ ಕಲಿತಿದ್ದೀನಿ. ಬಸ್ಸಿನಲ್ಲಿ ನಿದ್ದೆ ಬರದೆ ಅದನ್ನೇ ಓದಿಕೊಂಡು ಬಂದಿದ್ದೆ. ಓದಿ ಸ್ವಲ್ಪ ಆಶ್ಚರ್ಯವೂ ಆಯಿತು, ಯಾಕೆಂದರೆ ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ.

ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬಾಯಿ ಕ್ಯಾನ್ಸರಿನ ಜೀವಕೋಶ ಬೆಳೆಸಿ ಕರ್ಕ್ಯುಮಿನ್ ಸುರಿದರೆ ಅವು ಸಾಯೋದು ನಿಜ. (ಫಿನೈಲ್ ಸುರಿದರೂ ಸಾಯುತ್ತವೆ ಅನ್ನೋದು ಬೇರೆ ಮಾತು.) ಕಷ್ಟ ಇರೋದು ತಟ್ಟೆಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ. ಕರ್ಕ್ಯುಮಿನ್ ನೀರಿನಲ್ಲಿ ಕರಗೋದಿಲ್ಲ. ನುಂಗಿದ್ದರಲ್ಲಿ ಸ್ವಲ್ಪವೇ ಒಳಗೆ ಹೋಗುತ್ತೆ, ಅದನ್ನೂ ಕರುಳು, ಯಕೃತ್ತು ಸೇರಿ ಬೇಗ ರೂಪ ಬದಲಿಸಿ ಹೊರಗೆ ಕಳಿಸಿಬಿಡುತ್ತವೆ. 2001ರಲ್ಲಿ ತೈವಾನಿನ ವೈದ್ಯರು 25 ಜನರಿಗೆ ದಿನಕ್ಕೆ 8 ಗ್ರಾಂವರೆಗೂ ಕರ್ಕ್ಯುಮಿನ್ ನುಂಗಿಸಿ ನೋಡಿದ್ದರು. ಅಷ್ಟು ನುಂಗಿದರೂ ರಕ್ತದಲ್ಲಿ ಸಿಕ್ಕಿದ್ದು ಅತ್ಯಲ್ಪ. ಅವರಲ್ಲಿ ಬಾಯಿಯ ಬಿಳಿ ಮಚ್ಚೆಯವರು 7 ಜನ. ಇಬ್ಬರಿಗೆ ಸುಧಾರಿಸಿತು. ಒಬ್ಬರಿಗೆ, ಕರ್ಕ್ಯುಮಿನ್ ತಗೊಳ್ತಾ ಇದ್ದರೂ, ಕ್ಯಾನ್ಸರ್ ಆಯಿತು.

"ನಾನು ನುಂಗೋದಲ್ಲ, ಹಚ್ಚೋದು" ಅಂದರು ದೊಡ್ಡಪ್ಪ. ಒಳ್ಳೆಯ ಪಾಯಿಂಟ್. ಸಂಶೋಧಕರಿಗೂ ಇದೇ ಹೊಳೆದಿದೆ. ಬಾಯಿ ಕೈಗೆಟುಕುವ ಜಾಗ, ಹೊಟ್ಟೆ ಸುತ್ತಿಸಿ ಯಾಕೆ ಕಳಿಸಬೇಕು ಅಂತ ಜೆಲ್, ಮೌತ್‌ವಾಶ್ ಮಾಡಿ ನೋಡ್ತಿದ್ದಾರೆ. ಅಮೆರಿಕದಲ್ಲಿ ಕಪ್ಪು ರಾಸ್ಪ್‌ಬೆರಿ ಹಣ್ಣಿನ ಜೆಲ್ ಕೂಡ ಪರೀಕ್ಷೆ ಮಾಡಿದ್ದಾರೆ. ಎಂಜಲು ಬಂದು ತೊಳೆದುಕೊಂಡು ಹೋಗೋದೇ ಅಲ್ಲಿಯ ದೊಡ್ಡ ಫಜೀತಿ.

ಆದರೆ ನನ್ನ ತಲೆ ತಿಂದಿದ್ದು "ಸಣ್ಣ ಆಗಿದೆ ನೋಡು" ಅನ್ನೋ ಮಾತು. ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ನಡೆದ ಒಂದು ಪರೀಕ್ಷೆಯಲ್ಲಿತ್ತು. 2016ರಲ್ಲಿ ಪ್ರಕಟವಾದದ್ದು. ಬಿಳಿ ಮಚ್ಚೆ ಇದ್ದ 223 ಜನ. ಅರ್ಧದಷ್ಟು ಜನಕ್ಕೆ ದಿನಕ್ಕೆ 3.6 ಗ್ರಾಂ ಕರ್ಕ್ಯುಮಿನ್, ಉಳಿದವರಿಗೆ ಅದೇ ಥರ ಕಾಣುವ ಉತ್ತುತ್ತಿ ಔಷಧ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಆರು ತಿಂಗಳಾದ ಮೇಲೆ ಅಳೆದರೆ ಕರ್ಕ್ಯುಮಿನ್ ತಗೊಂಡವರಲ್ಲಿ ಶೇ. 67.5 ಜನಕ್ಕೆ ಮಚ್ಚೆ ಸುಧಾರಿಸಿತ್ತು. ಸುಮ್ಮನೆ ಮಾತ್ರೆ ನುಂಗಿದವರಲ್ಲಿ? ಶೇ. 55.3!

ಅಂದರೆ ಏನೂ ಇಲ್ಲದ ಮಾತ್ರೆಗೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ "ಸಣ್ಣ ಆಗಿದೆ ನೋಡು". ಕರ್ಕ್ಯುಮಿನ್‌ಗೆ ಸ್ವಲ್ಪ ಹೆಚ್ಚುಗಾರಿಕೆ ಇದ್ದದ್ದು ಹೌದು, ಅದನ್ನು ಮುಚ್ಚಿಡಬಾರದು. ಆದರೆ ಮಚ್ಚೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕನ್ನಡಿಗೆ ಕಾಣೋದು ಬೇರೆ, ಒಳಗೆ ನಡೀತಿರೋದು ಬೇರೆ. ಇನ್ನೊಂದು ಲೆಕ್ಕ: ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಸುಮಾರು ಮೂರು ಪಾಲು. 3.6 ಗ್ರಾಂ ಬೇಕಂದ್ರೆ ದಿನಕ್ಕೆ ನೂರು ಗ್ರಾಂಗಿಂತ ಜಾಸ್ತಿ ಪುಡಿ ತಿನ್ನಬೇಕು. ಡಬ್ಬಿ ನಾಲ್ಕು ದಿನಕ್ಕೆ ಖಾಲಿ.

"ಹಾಗಾದ್ರೆ ಗಿಡದಿಂದ ಔಷಧಿ ಆಗೋದೇ ಇಲ್ಲ ಅಂತಲೋ ನೀನು ಹೇಳೋದು?"

ಇಲ್ಲ ದೊಡ್ಡಪ್ಪ, ಆಗುತ್ತೆ. ಯೂ ಅಂತ ಒಂದು ಮರ ಇದೆ. ಅದರ ಎಲೆ ತಿಂದ ದನ ಬದುಕೋದಿಲ್ಲ. 1962ರಲ್ಲಿ ಅಮೆರಿಕದಲ್ಲಿ ಆ ಜಾತಿಯ ಒಂದು ಮರದ ತೊಗಟೆ ಕಿತ್ತು ಪರೀಕ್ಷೆಗೆ ಕಳಿಸಿದರು; ಅದರಿಂದ ತೆಗೆದ ಪ್ಯಾಕ್ಲಿಟ್ಯಾಕ್ಸೆಲ್ ಔಷಧವಾಗಿ ಒಪ್ಪಿಗೆ ಪಡೆದದ್ದು 1992ರಲ್ಲಿ. ಮೂವತ್ತು ವರ್ಷ. ಯುರೋಪಿನ ಯೂ ಮರದ ಎಲೆಯಲ್ಲಿ ಸಿಕ್ಕ ವಸ್ತುವಿನಿಂದ ಡೋಸಿಟ್ಯಾಕ್ಸೆಲ್ ಮಾಡಿದರು. ಸಿಸ್‌ಪ್ಲಾಟಿನ್ ಕೊಡೋಕಾಗದ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಿಗೆ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದನ್ನು ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಬರೀ ರೇಡಿಯೇಷನ್ ಆದವರಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಶೇ. 41.7, ಡೋಸಿಟ್ಯಾಕ್ಸೆಲ್ ಸೇರಿಸಿಕೊಂಡವರಲ್ಲಿ ಶೇ. 50.8. ಎಲೆಯಿಂದ ಹುಟ್ಟಿದ್ದೇ. ಆದರೆ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ಡ್ರಿಪ್‌ನಲ್ಲಿ ಹೋಗೋದು.

ದನದ ವಿಷಯ ಮಾತ್ರ ಅವರಿಗೆ ಹಿಡಿಸಿತು ಅಂತ ಕಾಣುತ್ತೆ. ಸುಮ್ಮನೆ ತಲೆ ಆಡಿಸಿದರು. ಕೈ ತಾನಾಗಿ ಹರಿವಾಣದ ಕಡೆ ಹೋಯಿತು.

ಇನ್ನು ಹೇಳಬೇಕಾದ್ದು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅಡಿಕೆಯೂ ಗಿಡದ್ದೇ. ಅದರ ಅರಿಕೋಲಿನ್ ಕೂಡ ಗಿಡ ಕೊಟ್ಟ ರಾಸಾಯನಿಕವೇ. ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸಿ ಬಾಯಿ ಬಿಗಿಯುವಂತೆ ಮಾಡೋದರಲ್ಲಿ ಅದರ ಕೈವಾಡ ದೊಡ್ಡದು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ವರದಿಯಲ್ಲೇ ಹೇಳಿದೆ. ಇದನ್ನು ನಾನು ಹೇಳ್ತಿರೋದು ಯಾರಿಗೆ? ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಇದೇ ಮೂರು ಎಕರೆ ತೋಟದ ಅಡಿಕೆ. ಹೇಳಿದೆ, ನೆಲ ನೋಡಿಕೊಂಡು ಹೇಳಿದೆ. ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಹೊಗೆಸೊಪ್ಪು ಹಾಕಿದ್ದೇ ಇಲ್ಲ" ಅಂದರು, ಜಗಳಕ್ಕಲ್ಲ, ಯಾರೋ ಮೋಸ ಮಾಡಿದರು ಅನ್ನೋ ಥರ.

ಸೋಮವಾರ ಶಿವಮೊಗ್ಗಕ್ಕೆ ಹೋದೆವು. ಬಯಾಪ್ಸಿ ಅಂದರೆ ಕ್ಯಾನ್ಸರ್ ಹರಡುತ್ತೆ ಅಂತ ಊರಲ್ಲಿ ಯಾರೋ ಹೆದರಿಸಿದ್ದರಂತೆ. ಹಾಗೇನಿಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ ಬಾಯಿ ತೆಗೆದರು. ಮರಗಟ್ಟಿಸಿ ಸಣ್ಣ ಚೂರು ತೆಗೆಯೋಕೆ ಕಾಲು ಗಂಟೆಯೂ ಆಗಲಿಲ್ಲ. ರಿಪೋರ್ಟ್ ಬರೋವರೆಗಿನ ದಿನಗಳಲ್ಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಬರಲಿಲ್ಲ. ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳು ಆ ಕಡೆ ತಿರುಗೋಕೆ ಶುರುಮಾಡಿವೆ ಅಂತ ಬಂತು. ಮಚ್ಚೆ ತೆಗೆದರು. ಎಲೆಅಡಿಕೆ ಪೂರ್ತಿ ಬಿಡಬೇಕು, ಬಾಯಿಯ ವ್ಯಾಯಾಮ, ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಹರಿವಾಣದಲ್ಲಿ ಈಗ ದೊಡ್ಡಮ್ಮ ಏಲಕ್ಕಿ ಇಡ್ತಾರೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರ ಮಧ್ಯೆ ಖಾಲಿ ಬಾಯಲ್ಲಿ ಕೂರೋದು ಹೇಗೋ ಏನೋ, ನಂಗೆ ಊಹಿಸೋಕಾಗಲ್ಲ. ಮುಂದಿನ ತಪಾಸಣೆಗೆ ನಾನೂ ರಜೆ ಹಾಕಿದ್ದೀನಿ. ನಿನ್ನೆ ಫೋನ್ ಮಾಡಿ ದೊಡ್ಡಪ್ಪ ಕೇಳಿದ್ದು ಒಂದೇ.

"ಸಾರಿಗೆ ಅರಿಶಿನ ಹಾಕ್ಬಹುದಲ್ಲ?"